ಅತ್ತೆಯ ರೊಟ್ಟಿ ಬುಟ್ಟಿಯ ಫೋನುಗಳು

ಹುಬ್ಬಳ್ಳಿ-ಧಾರವಾಡದಲ್ಲಿ ಅತಿ ಹೆಚ್ಚು ಮೊಬೈಲ್ ಫೋನು ಇಟ್ಟುಕೊಂಡವರು ಯಾರು? ದೊಡ್ಡ ಅಂಗಡಿಯವರು ಅಂದಿರಾ? ತಪ್ಪು! ನಮ್ಮ ಅತ್ತೆ. ಅಪ್ಪನ ತಂಗಿ, ನವನಗರದ ಹತ್ತಿರದ ಒಂದು ಹೈಸ್ಕೂಲಿನ ಹೆಡ್‌ಮಿಸ್ಟ್ರೆಸ್. ಅವಳ ಮೇಜಿನ ಮೇಲೆ ಒಂದು ರೊಟ್ಟಿ ಬುಟ್ಟಿ ಇದೆ. ಅದರೊಳಗೆ ಬಿಳಿ ಬಟ್ಟೆ ಹೊದ್ದು ಮಲಗಿರುವುದು ರೊಟ್ಟಿಗಳಲ್ಲ, ಮಕ್ಕಳ ಫೋನುಗಳು.

ಪಾಠದ ಹೊತ್ತಿನಲ್ಲಿ ಮಕ್ಕಳ ಕೈಯಲ್ಲಿ ಫೋನು ಕೂಡದು ಎಂಬ ನಿಯಮ ಈಗ ಎಷ್ಟೋ ಶಾಲೆಗಳಲ್ಲಿದೆ. ಆದರೆ ಬಸ್ಸಿನಲ್ಲಿ ಓಡಾಡುವ ಮಕ್ಕಳಿಗೆ ತಂದೆತಾಯಿಯೇ ಫೋನು ಕೊಟ್ಟು ಕಳಿಸುತ್ತಾರಲ್ಲ! ಬೇರೆಯವರಾದರೆ ಬೆಳಗ್ಗೆ ಅವನ್ನೆಲ್ಲ ಆಫ್ ಮಾಡಿಸಿ, ಕಪಾಟಿನಲ್ಲಿಟ್ಟು ಬೀಗ ಜಡಿದು, ಸಂಜೆ ಕೊಡುತ್ತಾರೆ. ಅತ್ತೆ ಹಾಗಲ್ಲ. "ಆಫ್ ಮಾಡಿದ್ರ ತಾಯಂದ್ರು ಗಾಬರಿ ಆಗ್ತಾರ" ಎಂದು ಆನ್ ಇಟ್ಟು, ಬಂದ ಕರೆಗಳಿಗೆಲ್ಲ ತಾನೇ ಉತ್ತರ ಕೊಡುತ್ತಾಳೆ!

ಒಮ್ಮೆ ನನ್ನೆದುರಿಗೇ ಒಂದು ಫೋನು ಹೊಡೆದುಕೊಂಡಿತು. ಸಂಜು ಎಂಬ ಹುಡುಗನ ತಾಯಿ. "ಲೇ ಸಂಜು, ಗ್ಯಾಸಿನ ಲೈಟರ್ ಎಲ್ಲಿ ಇಟ್ಟೀಯೋ?"

"ಸಂಜು ವಿಜ್ಞಾನದ ಪಾಠದಾಗ ಅದಾನ್ರಿ. ನಾ ಹೆಡ್‌ಮಿಸ್ಟ್ರೆಸ್ ಮಾತಾಡಾಕತ್ತೇನಿ. ಫ್ರಿಜ್ ಮ್ಯಾಲ ನೋಡಿದ್ರಿ?"

ಅಲ್ಲೇ ಇತ್ತು!

ಇನ್ನೊಮ್ಮೆ ಅಮ್ಮಿನಬಾವಿಯಿಂದ ಅಜ್ಜಿಯೊಬ್ಬಳು ಮೊಮ್ಮಗನಿಗೆ ಹೊಸ ಕರು ತೋರಿಸಲು ವಿಡಿಯೋ ಕಾಲ್ ಮಾಡಿದಳು. ಅತ್ತೆ ಕರುವನ್ನು ಕಣ್ತುಂಬ ನೋಡಿ, ಗೌರಿ ಎಂದು ಹೆಸರನ್ನೂ ಇಟ್ಟುಬಿಟ್ಟಳು. ತಾನು ಬೇರೆ ಹೆಸರು ಯೋಚಿಸಿಟ್ಟಿದ್ದ ಮೊಮ್ಮಗ ವಾರವಿಡೀ ಮುಖ ಊದಿಸಿಕೊಂಡಿದ್ದ.

ಇಂಥ ಅತ್ತೆಗೂ ಫೋನು ಕೊಡುವುದಿಲ್ಲವೆಂದು ಹಟ ಹಿಡಿದವಳು ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ. ಅತ್ತೆ ಬಿಟ್ಟಾಳೆಯೇ? ಕಸಿದುಕೊಂಡು ಬುಟ್ಟಿಗೆ ಹಾಕಿದಳು. ಸ್ವಲ್ಪ ಹೊತ್ತಿಗೆ ಆ ಫೋನಿಗೆ ವಿಡಿಯೋ ಕಾಲ್ ಬಂತು. ತೆರೆಯ ಮೇಲೆ ಒಬ್ಬ ಹೆಂಗಸು ಬಾಯಿ ಬಿಡದೆ ಕೈ ಮಾತ್ರ ಆಡಿಸುತ್ತಿದ್ದಾಳೆ. "ನಿಮ್ಮ ದನಿ ಬರವಲ್ದ್ರಿ! ಜೋರಾಗಿ ಮಾತಾಡ್ರಿ!" ಎಂದು ಅತ್ತೆ ಕೂಗಿದ ರಭಸಕ್ಕೆ ಪಕ್ಕದ ತರಗತಿಯ ಮಕ್ಕಳೆಲ್ಲ ಎದ್ದು ನಿಂತರಂತೆ.

ಆ ಹುಡುಗಿ ಓಡಿ ಬಂದಳು. "ಅವ್ವಗ ಕಿವಿ ಕೇಳಂಗಿಲ್ರಿ ಟೀಚರ್, ಮಾತೂ ಬರಂಗಿಲ್ರಿ. ರಾಯಾಪುರದಾಗ ಮನ್ಯಾಗ ಬ್ಲೌಸ್ ಹೊಲೀತಾಳ. ಗಿರಾಕಿ ಬಂದ್ರ ನಾನ ಫೋನಿನ್ಯಾಗ ಅವರ ಮಾತು ಕೇಳಿ ಅವ್ವಗ ಕೈಸನ್ನಿ ಮಾಡಿ ಹೇಳಬೇಕು. ಇಲ್ಲಂದ್ರ ಅವರು ಹೊಳ್ಳಿ ಹೋಗ್ತಾರ. ಫೋನ್ ಬ್ಯಾಡಂದ್ರ ನಾ ಸಾಲಿ ಬಿಡ್ತೇನ್ರಿ."

ಫೋನು ಕೊಟ್ಟರೆ ಹುಡುಗಿಗೆ ಪಾಠವಿಲ್ಲ, ಕೊಡದಿದ್ದರೆ ಶಾಲೆಯೇ ಇಲ್ಲ. ಅತ್ತೆ ಹುಡುಗಿಯನ್ನು ಎದುರಿನ ಕುರ್ಚಿಯಲ್ಲಿ ಕೂರಿಸಿ ಅಂದಳು: "ಹಂಗಾರ ನನಗ ಕಲಿಸು."

ಕಲಿತೇಬಿಟ್ಟಳು! ಶಾಲೆ ಬಿಟ್ಟ ಮೇಲೆ ಹುಡುಗಿಯೇ ಗುರು, ಹೆಡ್‌ಮಿಸ್ಟ್ರೆಸ್ಸೇ ವಿದ್ಯಾರ್ಥಿನಿ. ಮನೆಯಲ್ಲೂ ಅದೇ ಅಭ್ಯಾಸ. ಊಟಕ್ಕೆ ಕೂತಾಗಲೂ ಅತ್ತೆ ಬಾಯಿ ಮುಚ್ಚಿ ಬರೀ ಕೈಯಲ್ಲೇ ಮಾತಾಡತೊಡಗಿದ್ದರಿಂದ, ಮದುವೆಯಾದ ಮೇಲೆ ಮೊದಲ ಬಾರಿಗೆ ಮಾವನಿಗೆ ಒಂದು ವಾಕ್ಯ ಪೂರ್ತಿ ಹೇಳುವ ಅವಕಾಶ ಸಿಕ್ಕಿತು. ಪಾಪ, ಏನು ಹೇಳಬೇಕೆಂದೇ ಅವನಿಗೆ ಹೊಳೆಯಲಿಲ್ಲ.

ಈಗ ರಾಯಾಪುರದ ಗಿರಾಕಿಗಳ ಮಾತು ಅತ್ತೆಯ ಮೂಲಕವೇ ನಡೆಯುತ್ತದೆ. ಯಾರಾದರೂ "ಬೆನ್ನಿನ ಕಡೆ ಸ್ವಲ್ಪ ಡೀಪ್ ಇರ್ಲಿ" ಅಂದರೆ, ಸನ್ನೆಯಲ್ಲಿ ತಿಳಿಸುವ ಮೊದಲು "ಥಂಡಿ ದಿವಸ ಬಂದಾವ, ವಿಚಾರ ಮಾಡ್ರಿ" ಎಂದು ತನ್ನದೂ ಒಂದು ಸೇರಿಸುತ್ತಾಳೆ! ಹುಡುಗಿ ಮಾತ್ರ ಬೆಳಗ್ಗೆ ತಾನಾಗಿಯೇ ಬಂದು ಫೋನು ಒಪ್ಪಿಸಿ, ನಿಶ್ಚಿಂತೆಯಿಂದ ತರಗತಿಗೆ ಓಡುತ್ತಾಳೆ.

ಮೊನ್ನೆ ನಾನು ಹೋದಾಗ ಅತ್ತೆ ಆ ಫೋನನ್ನು ಎದುರಿಗೆ ನಿಲ್ಲಿಸಿಕೊಂಡು ಎರಡೂ ಕೈ ಆಡಿಸುತ್ತ ನಗುತ್ತಿದ್ದಳು. ಆ ಕಡೆ ತಾಯಿಯೂ ನಗುತ್ತಿದ್ದಳು. ಫೋನು ಇಟ್ಟ ಮೇಲೆ ಕೇಳಿದೆ, "ಯಾರ ಬಂದಿದ್ರು ಅತ್ತಿ, ಬ್ಲೌಸ್ ಹೊಲಸಾಕ?"

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಯಾರೂ ಬಂದಿರಲಿಲ್ಲೋ. ಸುಮ್ನ ಮಾತಾಡಾಕ ಮಾಡಿದ್ಲು."

ಮಗಳೊಬ್ಬಳನ್ನು ಬಿಟ್ಟರೆ, ಸುಮ್ಮನೆ ಫೋನು ಮಾಡಿ ಮಾತಾಡಲು ಆ ತಾಯಿಗೆ ಈವರೆಗೆ ಯಾರೂ ಇರಲಿಲ್ಲ.