ಸೀಮೆಎಣ್ಣೆ ವಾಸನೆಯ ಜರ್ಮನ್ ವೈನು

"ಕು... ಖ್ಖ್!"

ಗಡಿಯಾರದಿಂದ ಇಣುಕಿದ ಮರದ ಕೋಗಿಲೆ ಕೂಗಲು ಹೋಗಿ ಕೆಮ್ಮಿತು. ಬೀದಿಯವರೆಲ್ಲ ಗಡಿಯಾರದಣ್ಣ ಎಂದು ಕರೆಯುವ ರಿಪೇರಿಯವನು ಕಣ್ಣಿನ ಭೂತಗನ್ನಡಿ ತೆಗೆದು, ಮೇಜು ಗುದ್ದಿ, ಯುದ್ಧಕ್ಕೆ ಹೊರಟ ದಂಡನಾಯಕನಂತೆ ಸಾರಿದ: "ಇವತ್ತು ಆಕಾಶವೇ ಕಳಚಿ ಬಿದ್ರೂ ನಿನ್ನ ಹತ್ರ ಜಗಳ ಆಡಲ್ಲ!"

"ಅದನ್ನೂ ಜಗಳದ ಗಂಟಲಲ್ಲೇ ಹೇಳ್ತಿದ್ದೀರಲ್ರೀ," ಎಂದಳು ಹೆಂಡತಿ, ಪಕ್ಕದಲ್ಲಿ ಕೂತು ಗಡಿಯಾರದ ಮುಳ್ಳು ಉಜ್ಜುತ್ತಾ.

ಪ್ರತಿಜ್ಞೆಯ ಕಾರಣ ಬೀರುವಿನಲ್ಲಿ ಅಡ್ಡ ಮಲಗಿತ್ತು. ಮದುವೆಯ ದಿನ ಮಾವ ಕೊಟ್ಟಿದ್ದ ಸಿಹಿಯಾದ ಜರ್ಮನ್ ಬಿಳಿ ವೈನು. "ಬೆಳಗಿನಿಂದ ಸಂಜೆವರೆಗೆ ಜಗಳ ಆಡದೆ ಕಳೆದ ದಿನ ಇಬ್ರೂ ಬಿಚ್ಚಿ ಕುಡೀರಿ," ಎಂದಿದ್ದರು. ಪಾಪ, ಒಂದು ವಾರದ ಮಾತೆಂದುಕೊಂಡಿದ್ದರು! ಮಾವ ಹೋಗಿ ವರ್ಷಗಳಾದವು, ಅಳಿಯನ ತಲೆ ನರೆಯಿತು. ಆ ಮನೆಯಲ್ಲಿ ದಶಕಗಳಿಂದ ಬಾಯಿ ಮುಚ್ಚಿಕೊಂಡಿದ್ದದ್ದು ಆ ಬಾಟಲಿಯೊಂದೇ.

ಹೆಂಡತಿಯ ಅಣ್ಣ, ಹಡಗಿನ ಊಟದ ಮನೆ ನೋಡಿಕೊಂಡು ನಿವೃತ್ತರಾದ ಭಾವ, ಅಪ್ಪನ ಷರತ್ತಿಗೆ ತಮ್ಮದೊಂದು ಬಾಲ ಜೋಡಿಸಿದ್ದರು. "ಸಂಜೆ ನಾನೇ ಬಂದು ಪಂಚಾಯ್ತಿಗೆ ಕೂರ್ತೀನಿ. ಬಾಟ್ಲಿ ಖಾಲಿ ಆಗೋದ್ರೊಳಗೆ ಜಗಳ ಎದ್ರೆ ಉಳಿದದ್ದೆಲ್ಲ ನಂದು. ಅಷ್ಟರಲ್ಲಿ ನನ್ನ ಕೋಗಿಲೆ ಗಡಿಯಾರದ ಕೆಮ್ಮು ವಾಸಿ ಮಾಡಿಡಪ್ಪ."

ಬೆಳಿಗ್ಗೆ ಅವಳು ಅವನ ಸಣ್ಣ ಚಿಮಟವನ್ನು ಹುಬ್ಬು ಕೀಳಲು ಒಯ್ದಳು. ಅವನು ಮುಗುಳ್ನಕ್ಕ! ಮಧ್ಯಾಹ್ನ ಅವನ ಕೈಯಿಂದ ಸ್ಪ್ರಿಂಗೊಂದು ಚಿಮ್ಮಿ ಅವಳ ಚಹಾಕ್ಕೆ ಧುಮುಕಿತು. "ಇರ್ಲಿ ಬಿಡಿ," ಎಂದಳು! ಗೋಡೆಯ ಗಡಿಯಾರಗಳೇ ಗಾಬರಿಯಾಗಿ ನಿಂತಂತಾಯಿತು.

ಸಂಜೆ ಬಿರಡೆ ತೆಗೆಯಲು ಹೋದರೆ ಅದು ಪುಡಿಪುಡಿ. ಬಟ್ಟೆಯಲ್ಲಿ ಸೋಸಿ ವೈನನ್ನು ಅಗಲ ಬಾಯಿಯ ಪಿಂಗಾಣಿ ಹೂಜಿಗೆ ಇಳಿಸಿದ. ಇಳಿಬಿಸಿಲನ್ನು ಕರಗಿಸಿ ಇಟ್ಟಂಥ ಬಣ್ಣ, ಮೂಸಿದರೆ ಸೀಮೆಎಣ್ಣೆ! ಅವನು ಎದೆಗುಂದಲಿಲ್ಲ. ಇಂಥ ವೈನು ಹಳೆಯದಾದಂತೆ ಆ ವಾಸನೆ ಬರುತ್ತದೆ, ಅದು ದೋಷವಲ್ಲ, ಬಿರುದು ಎಂದು ಭಾವ ಹಿಂದೊಮ್ಮೆ ಹೇಳಿದ್ದರು. ಗಾಳಿಯಾಡಲಿ ಎಂದು ಹೂಜಿಯನ್ನು ಕೆಲಸದ ಮೇಜಿನ ಮೇಲಿಟ್ಟು ಗಡ್ಡ ಬೋಳಿಸಿಕೊಳ್ಳಲು ಹೋದ.

ಭಾವ ಬಂದರು. ರುಚಿ ನೋಡಲೆಂದು ಕೊಟ್ಟ ಲೋಟ ತಿರುಗಿಸಿದರು, ಮೂಸಿದರು, ಗುಟುಕನ್ನು ಬಾಯಲ್ಲೇ ಓಡಾಡಿಸಿದರು. ಗಡಿಯಾರದಣ್ಣ ಉಸಿರು ಬಿಗಿಹಿಡಿದ. ಯಾವುದಕ್ಕೂ 'ಪರವಾಗಿಲ್ಲ'ದಿಂದ ಮೇಲೇರದ ನಾಲಗೆ ಅದು.

"ಜೇನು... ಒಣಗಿದ ಹಣ್ಣು... ಆಮೇಲೆ, ಆಹಾ, ಒಂಥರಾ ಲೋಹ! ನದಿ ದಂಡೆಯ ಬಂಡೆಕಲ್ಲಿನ ಸತ್ವ ಇದು! ಭೇಷ್!"

ಭೇಷ್! ಗಡಿಯಾರದಣ್ಣ ನೆಲದಿಂದ ಗೇಣು ಮೇಲೆದ್ದ. ಆ ಹುಮ್ಮಸ್ಸಿನಲ್ಲೇ ಹೂಜಿ ಬಗ್ಗಿಸಿ ಇನ್ನಷ್ಟು ಸುರಿದ.

ಟಣ್!

ಭಾವನ ಲೋಟದ ತಳದಲ್ಲಿ ಹಿತ್ತಾಳೆಯ ಹಲ್ಲುಚಕ್ರವೊಂದು ಫಳಫಳ ಹೊಳೆಯುತ್ತಿತ್ತು.

"ಅಯ್ಯೋ, ಅದು ಅಣ್ಣನ ಗಡಿಯಾರದ್ದು!" ಹೆಂಡತಿ ಬಾಯಿಗೆ ಕೈ ಹಿಡಿದಳು. "ಮೇಜಿನ ಮೇಲಿದ್ದ ಹೂಜಿಯಿಂದ ಸೀಮೆಎಣ್ಣೆ ವಾಸನೆ ಬಂತು. ಚಕ್ರ ತೊಳೆಯೋಕೆ ಇಟ್ಟಿದ್ದೀರಿ ಅಂತ ನಾನೇ ನೆನೆಹಾಕ್ದೆ. ಇವತ್ತಾದ್ರೂ ನಿಮ್ಮ ಕೆಲ್ಸ ಹಗುರ ಆಗ್ಲಿ ಅಂತ..."

ಗಡಿಯಾರದಣ್ಣನ ಮುಖ ಕೆಂಪೇರಿತು. ಇಷ್ಟು ವರ್ಷ ಕಾದ ವೈನು! ಚಕ್ರ ತೊಳೆದ ನೀರಾಯಿತೇ!

"ಹೂಂ, ಬಯ್ಯಪ್ಪಾ ಬಯ್ಯಿ," ಭಾವ ಆಗಲೇ ಹೂಜಿಯತ್ತ ಕೈಚಾಚಿದ್ದರು. "ಲೋಹ ಇದ್ರೂ ನಂಗೇನೂ ಅಡ್ಡಿಯಿಲ್ಲ."

"ಅವರೇನು ಬಯ್ಯೋದು? ತಪ್ಪು ಅವರದ್ದೇ," ಹೆಂಡತಿ ಸೊಂಟಕ್ಕೆ ಕೈಯಿಟ್ಟಳು. "ಕುಡಿಯೋದನ್ನ ತೊಳೆಯೋ ಜಾಗದಲ್ಲಿ ಇಡ್ತಾರಾ? ಮಾತಾಡ್ರೀ, ಬಾಯಲ್ಲೇನು ಬಿರಡೆ ಇದ್ಯಾ?"

ನಾಲಗೆಯ ತುದಿಗೆ ಬಂದಿದ್ದ ಮಾತನ್ನು ಗಡಿಯಾರದಣ್ಣ ಗುಟುಕರಿಸಿ ನುಂಗಿದ. ಅದರಲ್ಲೂ ಸೀಮೆಎಣ್ಣೆಯ ವಾಸನೆಯಿತ್ತು. ಒಂದು ಕೈಯಲ್ಲಿ ಹೂಜಿ, ಇನ್ನೊಂದರಲ್ಲಿ ಎರಡು ಲೋಟ ಎತ್ತಿಕೊಂಡ. ಒಂದು ತನಗೆ, ಒಂದು ಅವಳಿಗೆ. ಹಿತ್ತಿಲ ಬಾಗಿಲಿನತ್ತ ಹೆಜ್ಜೆ ಹಾಕಿದ.

"ನಾನಿಲ್ಲಿ ಮಾತಾಡ್ತಾ ಇದ್ರೆ ಎಲ್ಲಿಗ್ರೀ ಹೊರಟ್ರಿ? ಹೋಗೋದು ಹೋಗ್ತೀರಿ, ಸೋಸ್ಕೊಂಡಾದ್ರೂ ಹೋಗಿ! ಅದ್ರಲ್ಲಿ ಇನ್ನೂ ಕೋಗಿಲೆ ಇದೆ..."