ಸಸ್ಪೆಂಡ್ ಆಗದವನ ಸಂಕಟ

ಮನೆಯಲ್ಲಿ ಕೂತು ಆಫೀಸಿನ ಕೆಲಸ ಮಾಡುವುದು ಬಹಳ ಸುಲಭ ಎಂದು ನಾನು ಬಲವಾಗಿ ನಂಬಿದ್ದೆ. ಎಂಬತ್ತರ ದಶಕದ ಮಾತು. ಒಂಬತ್ತು ವರ್ಷಗಳಿಂದ ಕಲಬುರಗಿಯ ಮನೆಯಿಂದ ಕಮಲಾಪುರದ ಆಫೀಸಿಗೆ ದಿನಾ ಬಸ್ಸಿನಲ್ಲಿ ನಿಂತು ಹೋಗಿ, ನಿಂತೇ ಬರುತ್ತಿದ್ದ ಟೈಪಿಸ್ಟ್ ನಾನು. ಕಲಬುರಗಿಗೆ ವರ್ಗ ಬೇಕೆಂದು ಅರ್ಜಿ ಹಾಕಿದ್ದೆ. ಸಾಹೇಬರ ಶಿಫಾರಸು ಪತ್ರವೊಂದು ಮಾತ್ರ ಬಾಕಿ.

ಆ ವಾರ ತಪಾಸಣೆಯವರು ಬಂದು ನನ್ನ ಮೇಜನ್ನೇ ಆಕ್ರಮಿಸಿದರು. ಸಾಹೇಬರು, "ಟೈಪ್‌ರೈಟರ್ ಮನಿಗಿ ಒಯ್ರಿ. ಶನಿವಾರದೊಳಗ ನೌಕರರ ಪಟ್ಟಿ ಮುಗಿಸ್ರಿ. ಅವತ್ತೇ ನಿಮ್ಮ ಪತ್ರಕ್ಕ ಸಹಿ ಹಾಕ್ತೀನಿ" ಎಂದರು.

ಮರುದಿನ ಹನ್ನೊಂದು ಗಂಟೆಗೆ ಬನಿಯನ್ ತೊಟ್ಟು ಟಪಟಪ ಬಡಿಯುತ್ತಿದ್ದೆ. ಪಕ್ಕದ ಮನೆಯ ಸುಧಾಬಾಯಿ ಕಿಟಕಿಯಲ್ಲಿ ಇಣುಕಿದರು. ಹತ್ತೇ ನಿಮಿಷದಲ್ಲಿ ಒಂದು ಬಟ್ಟಲು ಅವಲಕ್ಕಿ ಹಿಡಿದು ಒಳಗೇ ಬಂದರು.

"ಧೈರ್ಯ ಬಿಡಬ್ಯಾಡ್ರಿ ರಾಯರ. ನಮ್ಮ ಮಾವನೋರ್ನೂ ಸಸ್ಪೆಂಡ್ ಮಾಡಿದ್ರು. ಆರು ತಿಂಗಳಿಗೆ ತಿರುಗಿ ತಗೊಂಡ್ರು."

"ಸಸ್ಪೆಂಡ್ ಅಲ್ರೀ! ಮನ್ಯಾಗ ಕುಂತು ಆಫೀಸಿನ ಕೆಲಸ ಮಾಡಾಕತ್ತೀನಿ!"

ಆಕೆ ನನ್ನ ಹೆಂಡತಿ ನಿರ್ಮಲೆಯ ಕಡೆ ತಿರುಗಿ, "ಭಾಳ ಮನಸ್ಸಿಗೆ ಹಚ್ಕೊಂಡಾರ" ಎಂದು ಪಿಸುಗುಟ್ಟಿದರು.

ಸಂಜೆಯೊಳಗೆ ಇಡೀ ಓಣಿ ನನ್ನನ್ನು ಸಂತೈಸಿ ಹೋಯಿತು. ಸಂತೈಸಿದಷ್ಟೂ ನನಗೇ ದಿಗಿಲು. ಸಾಹೇಬರು ನಿಜವಾಗಿಯೂ ಸಸ್ಪೆಂಡ್ ಮಾಡಿ, ಹೇಳಲು ಮರೆತಿದ್ದರೆ? ಅದೇ ಗುಂಗಿನಲ್ಲಿ ಬಡಿದು, ಪಟ್ಟಿಯಲ್ಲಿ 'ಗುಮಾಸ್ತ' ಎಂದು ಬರಬೇಕಾದಲ್ಲೆಲ್ಲ 'ಗುಮಾನಿ' ಎಂದು ಬಿತ್ತು!

ನಿರ್ಮಲೆ ತೀರ್ಪು ಕೊಟ್ಟಳು. "ನಾಳಿ ಡಬ್ಬಿ ಕಟ್ತೀನಿ. ದಿನದ ಟೈಮಿಗೆ ಹೊರಬೀಳ್ರಿ."

"ಎಲ್ಲಿಗಿ ಹೋಗ್ಲಿ?"

"ಎಲ್ಲಿಗ್ಯಾರ ಹೋಗ್ರಿ! ಓಣ್ಯಾಗ ಮಾತ್ರ ಕಾಣಬ್ಯಾಡ್ರಿ!"

ಬೆಳಿಗ್ಗೆ ಟೈಪ್‌ರೈಟರಿಗೆ ದುಪ್ಪಟಿ ಹೊದಿಸಿ ಹೊತ್ತುಕೊಂಡೆ. ಕಲಬುರಗಿಯಲ್ಲೇ, ಜಗತ್ ಸರ್ಕಲ್ಲಿನಲ್ಲಿ ಗೆಳೆಯನ ಅಂಗಡಿಯ ಮೂಲೆ ಹಿಡಿಯುವುದು ನನ್ನ ಯೋಜನೆ. ಆದರೆ ಡಬ್ಬಿ ಕೈಗೆ ಬಂದದ್ದೇ ತಡ, ಒಂಬತ್ತು ವರ್ಷ ಪಳಗಿದ ಕಾಲುಗಳು ನನ್ನನ್ನು ಕೇಳದೆಯೇ ಬಸ್ಸು ಹತ್ತಿದವು. ಎಚ್ಚರವಾದಾಗ ಕಮಲಾಪುರ!

ಆಫೀಸಿಗೆ ಹೋಗೋಣವೆಂದರೆ ಮೇಜಿಲ್ಲ. ಮನೆಗೆ ಮರಳೋಣವೆಂದರೆ ಮಾನವಿಲ್ಲ. ಶನಿವಾರಕ್ಕೆ ಎರಡೇ ದಿನ. ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಟೈಪ್‌ರೈಟರ್ ಇಟ್ಟು ಬಡಿಯತೊಡಗಿದೆ. ಕೆಂಪು ಬಾಳೆಗೊನೆ ಹೊತ್ತವರೊಬ್ಬರು ನಿಂತು ನೋಡಿ, "ನಂದೊಂದು ಅರ್ಜಿ ಹೊಡೀರಿ ಸಾಬ್" ಎಂದರು. ಇಲ್ಲವೆನ್ನುವ ಜಾಯಮಾನ ನನ್ನದಲ್ಲ. ಅವರ ಹಿಂದೆ ಸಾಲೇ ನಿಂತಿತು.

ಮೂರನೆಯ ಅರ್ಜಿ ಅರ್ಧವಾಗಿತ್ತು. ಆಗ ಬಂದ ಬಸ್ಸಿನಿಂದ ಇಳಿದವರು ಸಾಕ್ಷಾತ್ ಸಾಹೇಬರು! ಜೀಪು ಕೆಟ್ಟಿತ್ತಂತೆ. ಸುಧಾಬಾಯಿ ಹೇಳಿದ್ದು ಈಗ ನಿಜವಾಯಿತು ಅಂದುಕೊಂಡೆ.

ಅವರು ಬೈಯಲಿಲ್ಲ. ಕಣ್ಣು ಒದ್ದೆ ಮಾಡಿಕೊಂಡರು!

"ಮನ್ಯಾಗ ಕುಂತು ಮಾಡ್ರಿ ಅಂದ್ರೂ ಇಲ್ಲಿಗೇ ಬಂದೀರಿ. ಮ್ಯಾಲ ಊರ ಮಂದಿ ಸೇವಾ ಮಾಡಾಕತ್ತೀರಿ. ನಿಮ್ಮನ್ನ ಕಮಲಾಪುರದಿಂದ ಕಿತ್ತ ಪಾಪ ನನಗ್ಯಾಕ್ರೀ? ಹಾಳಿ ಏರಿಸ್ರಿ, ಹೇಳ್ತೀನಿ."

ಅವರು ಹೇಳಿದರು, ನಾನು ಬಡಿದೆ. 'ಸದರಿ ನೌಕರರು ಕಮಲಾಪುರವನ್ನು ಅಗಲಿ ಇರಲಾರರಾದ್ದರಿಂದ ವರ್ಗಾವಣೆಯ ಅಗತ್ಯವಿರುವುದಿಲ್ಲ.'

ಬೇಡ ಸಾಹೇಬರೇ ಎಂದು ಕೂಗಲು ಬಾಯಿ ತೆರೆದೆ. ಹೊರಬಂದದ್ದು, "ಎಷ್ಟು ಪ್ರತಿ ತೆಗೀಲಿ ಸರ್?"

ನನ್ನ ಇಡೀ ನೌಕರಿಯಲ್ಲಿ ಒಂದೂ ತಪ್ಪಿಲ್ಲದೆ ಟೈಪಾದ ಪತ್ರ ಅದೊಂದೇ!