ಹೂ ಬಿಡದ ಮಾವಿಗೆ ಕೊಡಲಿ ತೋರಿಸಿದ್ದು

ವಸಂತ ಬಂದದ್ದು ನಮ್ಮಂಥ ಸರ್ಕಾರಿ ನೌಕರರಿಗೆ ಎಲ್ಲರಿಗಿಂತ ಕೊನೆಗೆ ತಿಳಿಯುತ್ತದೆ. ಮರಗಳಿಗೆ ಯಾರೂ ಆರ್ಡರು ಕಳಿಸುವುದಿಲ್ಲ. ಆದರೂ ಶಿವರಾತ್ರಿ ಕಳೆಯುತ್ತಿದ್ದಂತೆ ಹೊಳೆನರಸೀಪುರದ ನಮ್ಮ ಕಚೇರಿ ರಸ್ತೆಯ ಹೊಂಗೆಗಳು ಹಳೆಯ ಎಲೆ ಉದುರಿಸಿ, ಎಣ್ಣೆ ಹಚ್ಚಿದ ಹಾಗೆ ಮಿರಮಿರನೆ ಚಿಗುರುತ್ತವೆ. ಬೇವು ಯುಗಾದಿಗೆ ಸರಿಯಾಗಿ ಹೂ ಬಿಡುತ್ತದೆ. ಮೇಲಧಿಕಾರಿಯ ರುಜುವಿಲ್ಲದೆ ಇಷ್ಟೆಲ್ಲ ಕೆಲಸ ಹೇಗೆ ನಡೆಯುತ್ತದೆಂದು, ಕಚೇರಿಗೆ ತಡವಾಗಿ ಹೋಗುವಾಗೆಲ್ಲ ನಾನು ನಿಂತು ಯೋಚಿಸಿದ್ದೇನೆ.

ಆರ್ಡರಿಲ್ಲದೆ ಕದಲದೆ ಇದ್ದದ್ದು ನನ್ನ ಹಿತ್ತಲ ಮಾವಿನ ಮರ ಮಾತ್ರ. ಪ್ರತಿ ವರ್ಷ ಕೆಂಪಗೆ ಚಿಗುರುತ್ತಿತ್ತು, ಬೀದಿಗೆಲ್ಲ ತೋರಣದ ಎಲೆ ಕೊಡುತ್ತಿತ್ತು, ಹೂವಿನ ಮಾತು ಮಾತ್ರ ಎತ್ತುತ್ತಿರಲಿಲ್ಲ. ಅದರ ಬುಡದಲ್ಲಿ ನನ್ನ ಆರಾಮ ಕುರ್ಚಿ. ಇಲಾಖಾ ಪರೀಕ್ಷೆಯ ಪುಸ್ತಕವನ್ನು ಮುಖದ ಮೇಲೆ ಮುಚ್ಚಿಕೊಂಡು ನಾನು ಓದುತ್ತಿದ್ದುದು ಅಲ್ಲೇ. ಅಂಥ ನೆರಳು ತಾಲ್ಲೂಕಿನಲ್ಲೇ ಇರಲಿಲ್ಲ. ಒಂದು ವರ್ಷ ಚನ್ನರಾಯಪಟ್ಟಣದಿಂದ ನನ್ನ ಹೆಂಡತಿ ಜಾನಕಿಯ ತಂಗಿ ಬುಟ್ಟಿ ತುಂಬ ಮಾವಿನ ಮಿಡಿ ಕಳಿಸಿದಳು. ಅದನ್ನು ಉಪ್ಪಿಗೆ ಹಾಕುತ್ತ ಜಾನಕಿ, "ನಮ್ಮದನ್ನ ಕಡಿಸಿಬಿಡಿ. ಬಚ್ಚಲ ಒಲೆಗಾದರೂ ಆಗುತ್ತೆ" ಎಂದಳು. ನನ್ನ ನೆರಳಿಗೇ ಸಂಚಕಾರ ಬಂತು.

ಹಾಲು ತರುವ ಪುಟ್ಟಯ್ಯ ದಾರಿ ತೋರಿದ. "ಕಡೀಬ್ಯಾಡಿ ಸಾ, ಎದರಿಸಾಣ. ನಾನು ಕೊಡ್ಲಿ ಎತ್ತಿ ಬಯ್ತೀನಿ. ನೀವು ಅಡ್ಡ ಬಂದು 'ಬ್ಯಾಡ ಕಣಪ್ಪ, ಮುಂದ್ಲೊರ್ಸ ಕಾಯಿ ಬಿಡ್ತದೆ' ಅನ್ನಿ. ನಮ್ಮೂರಾಗೆ ಇಂಗೇ ಮಾಡಾದು. ಆದ್ರೆ ಬ್ಯಾಡ ಅನ್ನೋರಿಲ್ದಿದ್ರೆ ಎತ್ತಿದ್ ಕೊಡ್ಲೀನ ಸುಮ್ನೆ ಇಳಿಸಂಗಿಲ್ಲ. ಒಡೀಲೇಬೇಕು."

ಭಾನುವಾರ ನಾಟಕ ಶುರುವಾಯಿತು. ಜಾನಕಿ ಹಿತ್ತಲ ಬಾಗಿಲಲ್ಲಿ ನಿಂತಳು. ಪುಟ್ಟಯ್ಯ ಕೊಡಲಿ ಎತ್ತಿ ಮರವನ್ನು ಗದರಿದ: "ಏನ್ಲಾ, ತಿಂದ್ಕಂಡು ಉಂಡ್ಕಂಡು ಸುಮ್ಕೆ ನಿಂತಿದ್ದೀಯ! ನಿನ್ನ ಜೊತೇವೆಲ್ಲ ಎಲ್ಲಿಗೋದ್ವು, ನೀನೆಲ್ಲಿದ್ದೀಯ? ನಾಚ್ಕೆ ಆಗಾಕಿಲ್ವಾ? ಓದೊರ್ಸವೂ ಮುಂದ್ಲೊರ್ಸ ಅಂದೆ!"

ನನ್ನ ಜೊತೆ ಕೆಲಸಕ್ಕೆ ಸೇರಿದವರೆಲ್ಲ ಪರೀಕ್ಷೆ ಪಾಸಾಗಿ ಹಾಸನ, ಅರಕಲಗೂಡುಗಳಲ್ಲಿ ಹೆಡ್ ಗುಮಾಸ್ತರಾಗಿದ್ದರು. ನಾನು ತಲೆ ತಗ್ಗಿಸಿದೆ. ಅಡ್ಡ ಬಂದು ಹೇಳಬೇಕಿದ್ದ ಮಾತು ಮರೆತೇಹೋಯಿತು. ಪುಟ್ಟಯ್ಯ ಓರೆಗಣ್ಣಲ್ಲಿ ನನ್ನನ್ನು ನೋಡಿದ, ಕೆಮ್ಮಿದ, ಇನ್ನೊಂದು ಸುತ್ತು ಬೈದ. ಆಮೇಲೆ ಬೇರೆ ದಾರಿಯಿಲ್ಲದೆ ಕೊಡಲಿ ಬೀಸಿಯೇಬಿಟ್ಟ. ತೊಗಟೆ ಹಾರಿತು. ಮತ್ತೆ ಎತ್ತಿದ.

"ಅಯ್ಯೋ, ಬೇಡ ಕಣಪ್ಪಾ!" ಜಾನಕಿ ಓಡಿ ಬಂದು ಅಡ್ಡ ನಿಂತಳು. "ಏನೋ ಸ್ವಲ್ಪ ಮಂಕು, ಗುಣ ಒಳ್ಳೇದು. ಇನ್ನೊಂದು ವರ್ಷ ನೋಡೋಣ." ಹೇಳುವಾಗ ಅವಳ ಕಣ್ಣು ನನ್ನ ಮೇಲಿತ್ತು.

ಮರುವರ್ಷ ಸಂಕ್ರಾಂತಿ ಕಳೆದದ್ದೇ ತಡ, ಮರ ಎಲೆ ಕಾಣದಷ್ಟು ಹೂ ಬಿಟ್ಟಿತು. ಬೀದಿಯವರೆಲ್ಲ ಬಂದು ನೋಡಿದರು. ನಾನು ಅದೇ ಕುರ್ಚಿಯಲ್ಲಿ, ಅದೇ ಪುಸ್ತಕದಡಿಯಲ್ಲಿ ಮಲಗಿ ಸಂತೋಷಪಡುತ್ತಿದ್ದೆ. ಸೌದೆಗೆ ಹೊರಟಿದ್ದ ಪುಟ್ಟಯ್ಯನನ್ನು ಜಾನಕಿ ಕರೆದದ್ದು ಕೇಳಿಸಿತು. "ಕೊಡಲಿ ತಗೊಂಡು ಸ್ವಲ್ಪ ಬಾಪ್ಪ."

"ಮರ ಊ ಬಿಟ್ಟೈತಲ್ಲವ್ವಾ, ಇನ್ಯಾಕೆ?"

"ಮರ ಬಿಡ್ತು" ಎಂದು ಅವಳು ಕುರ್ಚಿಯ ಕಡೆ ಕೈ ತೋರಿದಳು.

ನಾನು ಎದ್ದು ಕೂತು ಗಡಬಡಿಸಿ ಪುಸ್ತಕ ತೆರೆದೆ. ಅಡ್ಡ ಬಂದು 'ಬೇಡ ಕಣಪ್ಪ' ಎನ್ನುವವರು ಯಾರಾದರೂ ಇದ್ದಾರೆಯೇ ಎಂದು ಸುತ್ತ ನೋಡಿದೆ. ಇದ್ದದ್ದು ಮರ ಒಂದೇ. ಅದರ ಸರದಿಯಲ್ಲಿ ನಾನು ಬಾಯಿ ಬಿಟ್ಟಿರಲಿಲ್ಲವಲ್ಲ.